ಮೌನ ತುಂಬುವ ಕೆಲಸ

ತನಗೆ ಮಾತು ಬಾರದೋ, ಕರುಣೆಯೇ ಇಲ್ಲವೋ ಎಂದು ವಾರಿಜಾ ಬೆಳಿಗ್ಗೆ ದಿನಚರಿಯಲ್ಲಿ ಬರೆದು, ಹಾಳೆಯನ್ನು ಅಂಗೈಯಿಂದ ಮುಚ್ಚಿಕೊಂಡಳು.

ಆಸ್ಪತ್ರೆಗಳಿಗೆ ಬೇಕಾದ ಮೌನವನ್ನು ಗುಡ್ಡದ ಕೋಣೆಗಳಲ್ಲಿ ಭರಣಿಗೆ ತುಂಬುತ್ತಿದ್ದರು. ತೆರೆದ ಭರಣಿಯ ಮುಂದೆ ದಿನವಿಡೀ ಒಂಟಿಯಾಗಿ ಕೂರುವ ಆ ಕೆಲಸ ಅವಳಿಗೆ ಹೇಳಿ ಮಾಡಿಸಿದಂತಿತ್ತು. ಹೊರಗಿನ ಸದ್ದಿನಿಂದ ಭರಣಿಗೆ ಏನೂ ಆಗದು. ಕೂತವರೇ ತುಟಿ ಬಿಚ್ಚಿದರೆ, ಎದ್ದರೆ, ಇಡೀ ದಿನದ ಮೌನ ಹಾಲಿನಂತೆ ಒಡೆಯುತ್ತಿತ್ತು. ನಿನ್ನೆ ಪಕ್ಕದ ಕೋಣೆಯ ಗುರುಸಿದ್ದಪ್ಪ ಜಾರಿಬಿದ್ದು ಅವಳ ಹೆಸರು ಹಿಡಿದು ಎರಡು ಸಲ ಕೂಗಿದ್ದರು. ಅವಳು ಸಂಜೆ ಮುಚ್ಚಳ ಹಾಕುವವರೆಗೂ ಅಲುಗಾಡಿರಲಿಲ್ಲ.

ಈಗ ಅವರು ಕಾಲಿಗೆ ಪಟ್ಟಿ ಕಟ್ಟಿಸಿಕೊಂಡು ಮಂಚದ ಮೇಲೆ ನಗುತ್ತಿದ್ದರು.

“ಬಾರವ್ವಾ. ಕೇಳಿಸಿದ್ರ ನೀ ಓಡಿ ಬರ್ತಿದ್ದಿ, ನಂಗ ಗೊತ್ತೈತಿ. ಆ ಗ್ವಾಡಿ ಭಾಳ ದಪ್ಪ. ನನ್ನ ದನೀಗೂ ವಯಸ್ಸಾತು ನೋಡು.”

ವಾರಿಜಾ ತಂದಿದ್ದ ಬಾಳೆಹಣ್ಣುಗಳನ್ನು ಕೆಳಗಿಟ್ಟಳು. ತಲೆ ಎತ್ತಲಾಗಲಿಲ್ಲ.

“ಕೇಳಿಸಿತ್ತು, ಕಾಕಾ,” ಎಂದಳು. “ಎರಡೂ ಸಲ ಕೇಳಿಸಿತ್ತು.”