ಹಿಂಬಾಗಿಲಿನ ತನಕ

"ಅಪ್ಪನ ಎದುರಿಗೆ ಓದ್ಲೇಬೇಕಾ?" ಹುಡುಗಿ ನೋಟ್‌ಬುಕ್ಕನ್ನು ಎದೆಗೆ ಒತ್ತಿಕೊಂಡಳು.

"ಬೇಡ ಅನ್ಸಿದ್ರೆ ಬೇಡ. ಇಷ್ಟು ದಿನ ನಂಗೆ ಓದಿದ್ದೀಯಲ್ಲ, ಹಾಗೇ ಓದು. ಉಸಿರು ಕಟ್ಟಿದ ಹಾಗಾದ್ರೆ ನಿಲ್ಸು," ಅಂದರು ಡಾಕ್ಟರಮ್ಮ.

ಅಪ್ಪನ ಬೇಕರಿಗೆ ಬೆಂಕಿ ಬಿದ್ದು ಎಂಟು ತಿಂಗಳಾಗಿತ್ತು. ಎಡಗಾಲು ಸುಟ್ಟು, ಅವನು ಹೇಗೋ ಕುಂಟುತ್ತಾ ನಡೆಯುವಂತಾಗಿದ್ದ. ಹದಿನೈದರ ಮಗಳಿಗೆ ಕಣ್ಣಿಗೆ ಕಾಣುವ ಗಾಯವಿರಲಿಲ್ಲ. ಆದರೆ ಯಾರಾದರೂ ಬೆಂಕಿಕಡ್ಡಿ ಗೀರಿದರೆ ಸಾಕು, ಮಂಚದಡಿ ಸೇರುತ್ತಿದ್ದಳು. ಕಣ್ಣು ಮುಚ್ಚಿದರೆ ಹೊಗೆ. ಶಾಲೆ ನಿಂತೇಹೋಗಿತ್ತು. ಡಾಕ್ಟರಮ್ಮ ಹತ್ತು ವಾರ ಎದುರಿಗೆ ಕೂರಿಸಿಕೊಂಡು, ಆ ಬೆಳಗ್ಗೆ ನಡೆದದ್ದನ್ನು ಇಷ್ಟಿಷ್ಟೇ ಬರೆಸಿದ್ದರು, ಓದಿಸಿದ್ದರು, ಮತ್ತೆ ಓದಿಸಿದ್ದರು. ಮೊದಲ ವಾರ ಎರಡು ಸಾಲು ದಾಟಿರಲಿಲ್ಲ.

ಹುಡುಗಿ ಒಪ್ಪಿದ ಮೇಲೆ ಹೊರಗೆ ಕಾಯುತ್ತಿದ್ದ ಅಪ್ಪ ಒಳಗೆ ಬಂದು ಕುರ್ಚಿಯ ತುದಿಯಲ್ಲಿ ಕೂತ. ಅವನಿಗೆ ಗೊತ್ತಿದ್ದ ಕಥೆಯೇ ಬೇರೆ. ಬೇಕರಿಯ ಹಿಂದಿನ ಓಣಿಯಲ್ಲಿ ಅಪ್ಪ-ಮಗಳು ಒಟ್ಟಿಗೆ ಎಚ್ಚರ ತಪ್ಪಿ ಬಿದ್ದಿದ್ದರಂತೆ. 'ಮಗಳನ್ನ ಹೊತ್ಕೊಂಡು ಬಂದ ಪುಣ್ಯಾತ್ಮ' ಅಂತ ಬೀದಿಯೇ ಕೊಂಡಾಡಿತ್ತು. ತಲೆಗೆ ಪೆಟ್ಟು ಬಿದ್ದು ಅವನಿಗೇನೂ ನೆನಪಿರಲಿಲ್ಲ. ಹತ್ತು ಜನ ಹೇಳಿದ್ದನ್ನೇ ನಂಬಿದ್ದ.

ಹುಡುಗಿ ಓದತೊಡಗಿದಳು. "ಸಿಲಿಂಡರ್ ಸಿಡಿದಾಗ ನಾನು ಮುಂಬಾಗಿಲ ಹತ್ತಿರ ಇದ್ದೆ. ಹೊರಗೆ ಓಡಿದೆ. ಅಪ್ಪ ಬರಲಿಲ್ಲ. ರಸ್ತೆ ತುಂಬ ಜನ ನಿಂತಿದ್ದರು. ನಾನೂ ನಿಂತೆ. ಕಾಲು ಏಳಲಿಲ್ಲ. ನಾನು ನಿಂತಿದ್ದಾಗಲೇ ಅಪ್ಪನ ಕಾಲು ಸುಟ್ಟಿದ್ದು."

ಹುಡುಗಿ ಆ ಸಾಲಿನ ಮೇಲೆ ಬೆರಳಿಟ್ಟು ನಿಲ್ಲಿಸಿದಳು. ಡಾಕ್ಟರಮ್ಮ ಅವಸರ ಮಾಡಲಿಲ್ಲ. ಅವಳೇ ಮುಂದಿನ ಸಾಲಿಗೆ ಬಂದಳು.

"ಆಮೇಲೆ ಓಣಿ ಸುತ್ತಿ ಹಿಂಬಾಗಿಲಿಂದ ಒಳಗೆ ಹೋದೆ. ಯಾರೂ ನೋಡಲಿಲ್ಲ. ಅಪ್ಪ ಒಲೆ ಹತ್ತಿರ ಬಿದ್ದಿದ್ದ. ಹಿಟ್ಟು ಕಲಸೋ ನೀರನ್ನ ಅವನ ಕಾಲಿಗೆ ಸುರಿದೆ. ಎತ್ತೋಕೆ ಆಗಲಿಲ್ಲ. ಹೊರಳಿಸಿ, ಖಾಲಿ ಹಿಟ್ಟಿನ ಚೀಲ ಬೆನ್ನ ಕೆಳಗೆ ತುರುಕಿ, ಮೂಲೆ ಹಿಡಿದು ಎಳೆದೆ. ಬಾಗಿಲ ತನಕ ಎಳೆದೆ. ಹೊಸ್ತಿಲು ದಾಟಿಸಿದ್ದು ನೆನಪಿದೆ. ಆಮೇಲಿನದು ನೆನಪಿಲ್ಲ."

ಅಪ್ಪ ಮಗಳ ಸಣಕಲು ತೋಳುಗಳನ್ನೇ ನೋಡಿದ.

"ನೀನಾ? ನಾನು ತೊಂಬತ್ತು ಕೆಜಿ ಇದ್ದೀನಲ್ಲೇ!"

"ಎಳೆಯುವಾಗ ಗೊತ್ತಾಯ್ತು," ಅಂದಳು ಮಗಳು, ಮೂಗು ಒರೆಸಿಕೊಂಡು.

"ಇಷ್ಟು ದಿನ ಯಾಕಮ್ಮ ಬಾಯಿ ಬಿಡ್ಲಿಲ್ಲ?"

"ಅದನ್ನ ಹೇಳಿದ್ರೆ ನಿಂತಿದ್ದನ್ನೂ ಹೇಳ್ಬೇಕಾಗ್ತಿತ್ತು."

ಅಪ್ಪ ಕುರ್ಚಿಯನ್ನು ಮಗಳ ಹತ್ತಿರ ಎಳೆದುಕೊಂಡ. "ಇಡೀ ಬೀದಿ ನಿಂತಿತ್ತು ಮಗಳೇ. ಒಳಗೆ ಬಂದಿದ್ದು ನೀನೊಬ್ಬಳೇ."

ಹುಡುಗಿ ಅತ್ತಳು. ಎಂಟು ತಿಂಗಳಲ್ಲಿ ಮೊದಲ ಸಲ, ಜೋರಾಗಿ. ಡಾಕ್ಟರಮ್ಮ ಅಳುವಷ್ಟು ಅಳಲು ಬಿಟ್ಟು, ಮುಂದಿನ ವಾರದ ಸಮಯ ಬರೆದುಕೊಟ್ಟರು.

ಮೆಟ್ಟಿಲಿಳಿಯುವಾಗ ಕೆಳಗೆ ಯಾರೋ ಅಂಗಡಿಯ ಷಟರನ್ನು ದಡಾರನೆ ಎಳೆದರು. ಹುಡುಗಿ ಗೋಡೆಗೆ ಅಂಟಿಕೊಂಡಳು. ಕಣ್ಣು ಮುಚ್ಚಿ ನಿಧಾನವಾಗಿ ಉಸಿರೆಳೆದು, ನಿಧಾನವಾಗಿ ಬಿಟ್ಟಳು. ಇನ್ನೊಂದು ಸಲ. ಆಮೇಲೆ ಕಣ್ಣು ತೆರೆದು, ಒಂದು ಮೆಟ್ಟಿಲು ಕೆಳಗಿಳಿದು ಭುಜ ಕೊಟ್ಟಳು.

"ಬಾ ಅಪ್ಪ."

ಆಸ್ಪತ್ರೆಯಿಂದ ಬಂದಾಗಿನಿಂದ ಯಾರ ಆಸರೆಯೂ ಬೇಡವೆಂದಿದ್ದ ಅಪ್ಪ ಕೈ ಚಾಚಿ ಆ ಪುಟ್ಟ ಭುಜ ಹಿಡಿದು, ತನ್ನ ಪೂರ್ತಿ ಭಾರ ಬಿಟ್ಟ.