ಸರಿಹೋದ ಲೈನು

ದಿನಕ್ಕೆ ಹತ್ತು ಸಲ ಇಂಟರ್‌ನೆಟ್ ಹೋಗುತ್ತಿತ್ತು. ಮಹಡಿಯಲ್ಲಿ ಆನ್‌ಲೈನ್ ಪಾಠ ಮಾಡುತ್ತಿದ್ದ ನಾನು ಪ್ರತಿ ಸಲವೂ ನನ್ನ ಕರ್ಮವೆಂದು ಬೈದುಕೊಳ್ಳುತ್ತ ಕೆಳಗೆ ಓಡಿಬಂದು, ಅಪ್ಪನ ಕೋಣೆಯಲ್ಲಿದ್ದ ಮೋಡೆಮ್ ಆಫ್ ಮಾಡಿ ಆನ್ ಮಾಡುತ್ತಿದ್ದೆ. ಲಕ್ವ ಹೊಡೆದು ಮಾತು ಕಳೆದುಕೊಂಡಿದ್ದ ಅಪ್ಪ ಮಲಗಿದಲ್ಲಿಂದಲೇ ನನ್ನನ್ನು ನೋಡುತ್ತಿದ್ದರು. ಹೇಗೂ ಬಂದಿದ್ದೇನಲ್ಲ ಎಂದು ನೀರು ಕುಡಿಸಿ, ಮಗ್ಗುಲು ಹೊರಳಿಸಿ ಹೋಗುತ್ತಿದ್ದೆ.

ಕೊನೆಗೆ ಟೆಲಿಫೋನ್ ಲೈನ್‌ಮನ್ ಬಂದ.

"ಮೇಡಂ, ಫೋನು, ನೆಟ್ ಎರಡಕ್ಕೂ ಒಂದೇ ಲೈನು; ಮಂಚದ ಪಕ್ಕದ ಈ ಫೋನಿಗೆ ಎರಡನ್ನೂ ಬೇರ್ಪಡಿಸೋ ಫಿಲ್ಟರೇ ಇಲ್ಲ. ರಿಸೀವರ್ ಎತ್ತಿದ ಕೂಡಲೇ ನೆಟ್ ಕಟ್ಟಾಗುತ್ತೆ."

"ಯಾರ್ರೀ ಎತ್ತುತ್ತಾರೆ? ಅಪ್ಪನಿಗೆ ಮಾತೇ ಬರಲ್ಲ."

ಅವನು ಫೋನಿನ ವೈರಿಗೆ ಪುಟ್ಟ ಡಬ್ಬಿಯೊಂದನ್ನು ಸಿಕ್ಕಿಸಿದ. "ಇನ್ನು ಎಷ್ಟು ಸಲ ಎತ್ತಿದರೂ ಮೇಲೆ ನಿಮಗೆ ಗೊತ್ತೇ ಆಗಲ್ಲ."

ಅಪ್ಪ ಎಡಗೈ ಆಡಿಸುತ್ತ ಏನೋ ಹೇಳಲು ಒದ್ದಾಡಿದರು.

"ಸುಮ್ಮನಿರಪ್ಪ, ಸರಿಹೋಯಿತು," ಎಂದೆ.

ಮರುದಿನ ಒಂದು ಸಲವೂ ನೆಟ್ ಹೋಗಲಿಲ್ಲ. ಮಧ್ಯಾಹ್ನ ಅಪ್ಪನಿಗೆ ಗಂಜಿ ಕುಡಿಸಿ ಮೇಲೆ ಹೋದವಳು ನಾಲ್ಕು ಪಾಠಗಳನ್ನು ಒಂದೇ ಸಮನೆ ಮುಗಿಸಿದೆ. ಲೈನ್‌ಮನ್‌ಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳೋಣವೆಂದು ಸಂಜೆ ಕೆಳಗಿಳಿದೆ.

ರಿಸೀವರ್ ಅಪ್ಪನ ಕೈಯಲ್ಲಿತ್ತು. ಕೈ ತಣ್ಣಗಾಗಿತ್ತು.