ಲಾರಿಗೆ ಅಡ್ಡ ನಿಂತ ಆನೆ

ಹಾಡು ಕಲಿಸುವ ಮಂಗಳಳ ಬಳಿ ಹಾರ್ಮೋನಿಯಂ ಇರಲಿಲ್ಲ. ಏಳು ಮಕ್ಕಳಿದ್ದರು, ಏಳೂ ಜನ ಸೇರಿದರೆ ಒಂದು ಆನೆ. ನಾಲ್ವರು ಕಾಲು, ಇಬ್ಬರು ಕಿವಿ, ಮುಂದೆ ತೋಳು ಬೀಸುವ ಕುಮಾರಿ ಸೊಂಡಿಲು. ದಿಂಬಂ ಘಾಟಿಯ ತಿರುವಿನಲ್ಲಿ ಕಬ್ಬಿನ ಲಾರಿ ತಡೆಯುವ ಆನೆಯ ಮೇಲೆ ಮಂಗಳಳೇ ಹಾಡು ಕಟ್ಟಿದ್ದಳು. ಹಾಡಿನಲ್ಲಿ ಲಾರಿ ಯಾವಾಗಲೂ ನಿಲ್ಲುತ್ತಿತ್ತು.

ಇವತ್ತು ಬೆಟ್ಟದ ಮೇಲಿನ ಅವರ ಊರು ತಾಳಮಲೆಗೆ ನಿಜವಾದ ಲಾರಿಯೇ ಬಂದಿತ್ತು, ಕೆಳಗಿನ ಸೀಮೆಗೆ ಕಬ್ಬು ಕಡಿಯುವವರನ್ನು ಒಯ್ಯಲು. ಪಾತ್ರೆ, ಚಾಪೆ, ಕೋಳಿ ಎಲ್ಲವೂ ಮೇಲೇರಿದ್ದವು. ಮಕ್ಕಳನ್ನು ಮಾತ್ರ ಮಂಗಳ ಕೆಳಗಿಳಿಸಿ, ಲಾರಿಯ ಮುಂದೆ ಆನೆ ಮಾಡಿ ನಿಲ್ಲಿಸಿದ್ದಳು. "ನಿಲ್ಲು ನಿಲ್ಲು ಲಾರಿಯಣ್ಣ, ಕಬ್ಬು ಕೊಟ್ಟೋಗಣ್ಣ" ಎಂದು ಅವರು ಹಾಡಿದರು. ಡ್ರೈವರ್ ನಕ್ಕು ಹಾರನ್ ಒತ್ತಿದ.

ಕುಮಾರಿಯ ಅಪ್ಪ ಕೆಂಪ ಇಳಿದು ಬಂದ. "ಏನ್ ಮಂಗಳಕ್ಕ, ನಿನ್ನಾನೆಗೆ ಕಬ್ಬು ಬೇಕಾ? ಬರ್ವಾಗ ತತ್ತೀನಿ, ದಾರಿ ಬುಡು."

"ಐಕಳ ಬುಟ್ಟೋಗು ಕೆಂಪಣ್ಣ. ಓದ್ವರ್ಸ ಒಂಬತ್ತು ಐಕ ಇಂಗೇ ಲಾರಿ ಅತ್ಕಂಡು ಓದೊ. ತಿರುಗಿ ಇಸ್ಕೂಲಿಗೆ ಬಂದದ್ದು ಎರಡೇಯ."

"ಆರು ತಿಂಗ್ಳು ಉಣ್ಣಕ್ಕೆ ಇಕ್ಕೋರ್ಯಾರು? ನೀನಿಕ್ಕೀಯಾ?"

ಮಂಗಳಳ ಮನೆಯಲ್ಲಿದ್ದುದು ಅವಳಿಗೂ ಅವಳ ತಾಯಿಗೂ ಸಾಲುವಷ್ಟು ರಾಗಿ. ಅವಳು ಒಂದು ಹೆಜ್ಜೆ ಪಕ್ಕಕ್ಕೆ ಸರಿದಳು. ಕೆಂಪ ಇನ್ನೂ ಬೀಸುತ್ತಿದ್ದ ಸೊಂಡಿಲಿನ ಮಣಿಕಟ್ಟು ಹಿಡಿದು ಮಗಳನ್ನು ಲಾರಿಗೆ ಎತ್ತಿ ಹಾಕಿದ. ಉಳಿದವರನ್ನು ಯಾರೂ ಎತ್ತಬೇಕಾಗಲಿಲ್ಲ. ಒಬ್ಬರ ಅಂಗಿಯ ಚುಂಗು ಇನ್ನೊಬ್ಬರು ಹಿಡಿದುಕೊಂಡು, ಹಾಡುತ್ತಲೇ ಹತ್ತಿದರು. ಈ ಸಲ ಏಳು ಮಕ್ಕಳು ಹೋದರು.